ನಾನು ಡಿಸ್ಕು ಕೊಂಡದ್ದು

ಅಳತೆಯ ವಿಷಯದಲ್ಲಿ ಅನುಮಾನಪಡುವುದು ನಮ್ಮ ಮನೆಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ. ಬೇರೆ ಆಸ್ತಿ ಹೆಚ್ಚೇನೂ ಇಲ್ಲದ ಕಾರಣ ಇದೊಂದನ್ನು ನಾವು ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇವೆ. ನಮ್ಮ ತಂದೆಯವರು ರಾಗಿಯ ಮೂಟೆಯೊಡನೆ ಮಂಡಿಗೆ ಹೋದರೆ, ತಕ್ಕಡಿಯನ್ನು ನೋಡುವುದಕ್ಕೆ ಮೊದಲು ತಕ್ಕಡಿ ಹಿಡಿದವನ ಬೆರಳನ್ನು ನೋಡುತ್ತಿದ್ದರಂತೆ. ಈಗ ತಕ್ಕಡಿ ಹೋಗಿ ಅಂಕಿ ಮಿನುಗುವ ಯಂತ್ರ ಬಂದಿದೆ. ಬೆರಳಿಗೆ ಅಲ್ಲಿ ಕೆಲಸವಿಲ್ಲ. ಆದರೂ ಮೂಟೆಯನ್ನು ಅದರ ಮೇಲಿಡುವ ಮೊದಲು, "ಸೊನ್ನೆ ಐತೇನೋ ನೋಡೋ" ಎಂದು ನನ್ನಿಂದ ಓದಿಸಿಯೇ ಇಡುತ್ತಾರೆ. ಮನೆಯಲ್ಲಿ ತೂಗಿದ್ದಕ್ಕೂ ಮಂಡಿಯಲ್ಲಿ ತೂಗಿದ್ದಕ್ಕೂ ಒಂದು ಕೇಜಿ ವ್ಯತ್ಯಾಸ ಬಂದರೆ ಅವರು ಕೇಳುವ ಪ್ರಶ್ನೆ ಒಂದೇ: "ಆ ಒಂದು ಕೇಜಿ ಯಾರು ತಿಂದ್ರು?" ಇಂಥ ಮನೆಯಲ್ಲಿ ಹುಟ್ಟಿದ ನಾನು ಒಂದು ಹಾರ್ಡ್ ಡಿಸ್ಕನ್ನು ಕೊಳ್ಳಲು ಹೊರಟೆನೆಂದ ಮೇಲೆ, ಮುಂದಿನ ಕಥೆಯಲ್ಲಿ ಅರ್ಧವನ್ನು ವಾಚಕರೇ ಊಹಿಸಿಕೊಳ್ಳಬಹುದು. ಉಳಿದ ಅರ್ಧವನ್ನು ನಾನೂ ಊಹಿಸಿರಲಿಲ್ಲ.

ಡಿಸ್ಕಿನ ಅಗತ್ಯ ಬಂದದ್ದು ಹೀಗೆ. ನಮ್ಮ ಕನ್ನಡ ವಿಭಾಗದಲ್ಲಿ ಅಂತಿಮ ವರ್ಷದವರು ತಂತಮ್ಮ ಊರಿನ ಹಾಡುಗಳನ್ನು ಸಂಗ್ರಹಿಸಿ ಒಂದು ಕಿರುಪ್ರಬಂಧವನ್ನು ಒಪ್ಪಿಸುವ ಪದ್ಧತಿ ಇದೆ. ನಾವು ಐದು ಮಂದಿ ಗೆಳೆಯರು ಎರಡನೆಯ ವರ್ಷದಲ್ಲಿಯೇ ಈ ಕೆಲಸಕ್ಕೆ ಕೈ ಹಾಕಿದೆವು. ಒಬ್ಬನು ಸೋಬಾನೆ, ಒಬ್ಬನು ಭಜನೆಯ ಮೇಳ, ಒಬ್ಬನು ಕೋಲಾಟ, ಹೀಗೆ ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ರಾಗಿ ಬೀಸುವ ಪದ. ಅದಕ್ಕಾಗಿ ನಾನು ಊರೂರು ತಿರುಗಬೇಕಾಗಿರಲಿಲ್ಲ. ನಮ್ಮ ಅಜ್ಜಿಯೂ ಎದುರುಮನೆಯ ಸಣ್ಣಜ್ಜಿಯೂ ಒಂದೇ ಬೀಸುವ ಕಲ್ಲಿನ ಗೂಟವನ್ನು ನಲವತ್ತು ವರ್ಷ ಎದುರುಬದುರು ಕುಳಿತು ಹಿಡಿದವರು. ಒಬ್ಬರು ಪದವನ್ನು ಎತ್ತಿಕೊಟ್ಟರೆ ಇನ್ನೊಬ್ಬರು ಸೊಲ್ಲು ಹಿಡಿಯುವರು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಸೇರಿತು. ಪದಗಳೂ ಅದರ ಜೊತೆಗೆ ಮೂಲೆ ಸೇರಿದ್ದವು. ನನ್ನ ಮೊಬೈಲಿನ ಮುಂದೆ ಹಾಡುವುದಕ್ಕೆ ಇಬ್ಬರೂ ಮೊದಲು ನಾಚಿಕೊಂಡರು. ಕೊನೆಗೆ ಕಲ್ಲನ್ನು ಮೂಲೆಯಿಂದ ಎಳೆದು ಮುಂದಿಟ್ಟು, ಒಂದು ಹಿಡಿ ರಾಗಿ ಹಾಕಿದ ಮೇಲೆ ಬಾಯಿ ಬಂತು. ದಸರೆಯ ರಜ, ಸಂಕ್ರಾಂತಿಯ ರಜ ಎಂದು ನಾಲ್ಕಾರು ಸಲ ಕುಳಿತು ನಲವತ್ತೊಂದು ಪದಗಳನ್ನು ಚಿತ್ರ ಸಮೇತ ಹಿಡಿದೆ.

ನನ್ನ ಮೊಬೈಲು ಬಹಳ ಚಿಕ್ಕ ಹೊಟ್ಟೆಯದು. ನಲವತ್ತೊಂದು ಪದ ತಿನ್ನುವಷ್ಟರಲ್ಲಿ ಅದು 'ಜಾಗವಿಲ್ಲ' ಎಂದು ಕೂಗಲು ಮೊದಲಾಯಿತು. ಗೆಳೆಯರದೂ ಹೆಚ್ಚು ಕಡಿಮೆ ಅದೇ ಪಾಡು. ಎಲ್ಲರ ಸಂಗ್ರಹವನ್ನೂ ಒಂದೇ ಕಡೆ ಇಡಲು ಒಂದು ಡಿಸ್ಕನ್ನು ಕೊಳ್ಳೋಣವೆಂದು ನಿಶ್ಚಯವಾಗಿ, ತಲೆಗೆ ಒಂಬೈನೂರರಂತೆ ನಾಲ್ಕು ಸಾವಿರದ ಐನೂರು ರೂಪಾಯಿ ಕೂಡಿಸಿದೆವು. ನಮ್ಮ ಅಧ್ಯಾಪಕರು, "ಕೊಳ್ಳಿ, ಸಂತೋಷ. ಆದರೆ ಯಾವುದನ್ನೇ ಆಗಲಿ ಎರಡು ಕಡೆ ಇಡಿ" ಎಂದರು. ಹಿರಿಯರ ಮಾತನ್ನು ನಾವು ಎಂದಿನ ಗೌರವದಿಂದ ಕೇಳಿ, ಎಂದಿನಂತೆಯೇ ಮರೆತೆವು. ಅಳತೆಯಲ್ಲಿ ನಿಪುಣನೆಂಬ ಕಾರಣದಿಂದ ಕೊಳ್ಳುವ ಭಾರ ನನ್ನ ಮೇಲೆ ಬಿತ್ತು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕಂಪ್ಯೂಟರು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಇದೆ. ಅಲ್ಲಿಂದ ಡಿಸ್ಕು ತಂದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ '೧ ಟಿ.ಬಿ.' ಎಂದಿತ್ತು. ಒಂದು ಟಿ.ಬಿ. ಎಂದರೆ ಸಾವಿರ ಜಿ.ಬಿ. ಎಂಬಷ್ಟು ಜ್ಞಾನ ನನಗೂ ಇತ್ತು. ಹಾಸ್ಟೆಲಿನಲ್ಲಿ ಗೆಳೆಯನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡುತ್ತೇನೆ, ೯೩೧ ಜಿ.ಬಿ. ಎಂದು ತೋರಿಸುತ್ತಿದೆ! ಕಳಚಿ ಮತ್ತೆ ಸಿಕ್ಕಿಸಿದೆ. ೯೩೧. ಬೇರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ೯೩೧. ನನ್ನೊಳಗೆ ನಮ್ಮ ತಂದೆಯವರು ಎದ್ದು ನಿಂತು ಕೇಳಿದರು: "ಅರವತ್ತೊಂಬತ್ತು ಜೀಬಿ ಯಾರು ತಿಂದ್ರು?"

ಮರುದಿನ ಬೆಳಗ್ಗೆಯೇ ಅಂಗಡಿಯ ಮುಂದೆ ಹಾಜರಾದೆ. ಅಂಗಡಿಯವರು ವಯಸ್ಸಾದ, ಮಾತು ಕಡಿಮೆಯ ಮನುಷ್ಯರು. ಮೂಗಿನ ತುದಿಯ ಕನ್ನಡಕದಿಂದ ನನ್ನನ್ನು ನೋಡಿ, "ಅದು ಹಾಗೇ ತೋರ್ಸೋದು ಕಣಪ್ಪಾ. ಎಲ್ಲಾ ಡಿಸ್ಕೂ ಅಷ್ಟೇ" ಎಂದರು. 'ಎಲ್ಲಾ ಅಷ್ಟೇ' ಎನ್ನುವುದು ಮಂಡಿಯವನ ಉತ್ತರವೆಂಬುದನ್ನು ನಾನು ಹಾಲು ಕುಡಿಯುವ ವಯಸ್ಸಿನಿಂದ ಬಲ್ಲೆ. ಅವರು ಒಂದು ಚೀಟಿ ತೆಗೆದುಕೊಂಡು, "ನೋಡು, ಒಂದ್ಸಾವಿರದ ಇಪ್ಪತ್ನಾಲ್ಕು..." ಎಂದು ಬರೆಯತೊಡಗಿದರು. ಅಲ್ಲಿ ಮೂರು ನಾಲ್ಕು ಜನ ಗಿರಾಕಿಗಳೂ ಇದ್ದರು. ಅವರಿಗೂ ಕೇಳುವಂತೆ ನಾನು, "ಲೆಕ್ಕ ಬೇಡಿ, ಅಣ್ಣ. ಪೆಟ್ಟಿಗೆ ಮೇಲೆ ಬರೆದಷ್ಟು ಕೊಡೋದಾದರೆ ಕೊಡಿ, ಇಲ್ಲವಾದರೆ ದುಡ್ಡು ಕೊಡಿ. ಹಳ್ಳಿಯವರು ಅಂತ ಟೋಪಿ ಹಾಕಬೇಡಿ" ಎಂದೆ. ಅವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮುದ್ರೆ ಒಡೆದ ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದ ಕಟ್ಟುಪಾಡೇನೂ ಅವರಿಗಿರಲಿಲ್ಲ. ಆದರೂ ಒಂದು ಮಾತಾಡದೆ ನಾಲ್ಕು ಸಾವಿರದ ಐನೂರನ್ನು ಎಣಿಸಿ ನನ್ನ ಮುಂದಿಟ್ಟರು. ನಾನು ದಂಡಯಾತ್ರೆ ಮುಗಿಸಿದ ಪಾಳೆಯಗಾರನಂತೆ ಮೆಟ್ಟಿಲಿಳಿದು ಬಂದೆ.

ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ, ಒಂದು ಮಾರಾಟದ ತಾಣದಲ್ಲಿ '೨ ಟಿ.ಬಿ.' ಡಿಸ್ಕು ಕೇವಲ ಸಾವಿರದ ಇನ್ನೂರು ರೂಪಾಯಿಗೆ ಕಾಣಿಸಿತು. ಎರಡರಷ್ಟು ಮಾಲು, ಕಾಲುಭಾಗಕ್ಕೆ ಸಮೀಪದ ಬೆಲೆ! ಇಲ್ಲಿ ಅನುಮಾನಪಡಬೇಕಾಗಿತ್ತು. ಆದರೆ ಮನುಷ್ಯನ ಅನುಮಾನ ವಿಚಿತ್ರವಾದದ್ದು. ಅದು ಕಡಿಮೆ ಕಂಡಾಗ ಮಾತ್ರ ಎಚ್ಚರವಾಗುತ್ತದೆ, ಹೆಚ್ಚು ಕಂಡಾಗ ನಿದ್ದೆಹೋಗುತ್ತದೆ. ಒಂದು ವಾರದಲ್ಲಿ ಡಿಸ್ಕು ಬಂತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಥಳಥಳಿಸುವ ಲೋಹದ ಕವಚ. ಸಿಕ್ಕಿಸಿದರೆ ೧.೯೫ ಟಿ.ಬಿ. ಎಂದು ತೋರಿಸಿತು. ಹೆಚ್ಚು ಕಡಿಮೆ ಪೂರ್ತಿ ಎರಡು! "ನೋಡಿದಿರಾ, ಇದು ಪ್ರಾಮಾಣಿಕವಾದ ಡಿಸ್ಕು" ಎಂದು ಗೆಳೆಯರಿಗೆ ನಾನೇ ಭಾಷಣ ಮಾಡಿದೆ. ಉಳಿದ ಹಣದಲ್ಲಿ ಐವರೂ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು.

ಗೆಳೆಯರ ಸಂಗ್ರಹಗಳನ್ನು ಮೊದಲು ತುಂಬಿಸಿದೆ. ನನ್ನದನ್ನು ಕೊನೆಗೆ ತುಂಬಿಸಿದೆ. ಅದು ಮರ್ಯಾದೆ ಎಂದುಕೊಂಡಿದ್ದೆ. ಮೊದಲಿನ ಎರಡು ಮೂರು ಹಾಡುಗಳನ್ನು ಹಾಕಿ ನೋಡಿದೆವು. ಚೆನ್ನಾಗಿ ಹಾಡಿದವು. ಗೆಳೆಯರ ಮೊಬೈಲುಗಳು ನನ್ನದಕ್ಕಿಂತ ದೊಡ್ಡವಾದುದರಿಂದ ಅವರು ತಮ್ಮ ಮೂಲಪ್ರತಿಗಳನ್ನು ಹಾಗೆಯೇ ಬಿಟ್ಟರು. ನಾನು ಮಾತ್ರ ಜಾಗ ಮಾಡಲೋಸುಗ ನಲವತ್ತೊಂದನ್ನೂ ಅಳಿಸಿಹಾಕಿದೆ.

ಮೂರು ತಿಂಗಳು ಕಳೆದ ಮೇಲೆ ಪ್ರಬಂಧ ಬರೆಯಲು ಕುಳಿತು ಡಿಸ್ಕನ್ನು ತೆರೆದೆ. ಹೆಸರುಗಳೆಲ್ಲ ಸಾಲಾಗಿ ಇದ್ದವು. ಒಂದೊಂದರ ಮುಂದೆ ಅದರ ಗಾತ್ರವೂ ಇತ್ತು, ನಾನು ಹಿಡಿದ ದಿನಾಂಕವೂ ಇತ್ತು. ಆದರೆ ಒಂದನ್ನು ಒತ್ತಿದರೆ ಕಪ್ಪು ತೆರೆ, ಸದ್ದಿಲ್ಲ. ಎರಡನೆಯದನ್ನು ಒತ್ತಿದೆ, ಹಾಗೆಯೇ. ನಲವತ್ತೊಂದನ್ನೂ ಒತ್ತಿದೆ. ನಲವತ್ತೊಂದೂ ಮೂಕವಾಗಿದ್ದವು. ಗೆಳೆಯರ ಹಾಡುಗಳಲ್ಲಿ ಮೊದಲಿಗೆ ತುಂಬಿಸಿದವು ಹಾಡುತ್ತಿದ್ದವು. ಒಂದು ಗೆರೆಯಿಂದ ಆಚೆಗೆ ಯಾವುದೂ ಹಾಡಲಿಲ್ಲ. ಆ ತಾಣದಲ್ಲಿ ಮಾರಿದವರನ್ನು ಹುಡುಕಿದೆ. ವಸ್ತುವನ್ನು ಹಿಂದಿರುಗಿಸುವ ಅವಧಿ ಮುಗಿದಿತ್ತು. ಮಾರಿದವರ ಹೆಸರೇ ಅಲ್ಲಿಂದ ಮಾಯವಾಗಿತ್ತು.

ನಮ್ಮ ಊರಿನಲ್ಲಿ ಇಂಥದನ್ನು ಬಲ್ಲವರು ಒಬ್ಬರೇ, ಆ ಬಸ್ ನಿಲ್ದಾಣದ ಹಿಂದಿನ ಬೀದಿಯವರು. ಎರಡು ದಿನ ಆ ಬೀದಿಯ ತುದಿಯವರೆಗೆ ಹೋಗಿ ಹಿಂದಿರುಗಿದೆ. ಮೂರನೆಯ ದಿನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋದೆ. ಅವಮಾನ ಮಾಡುವಾಗ ನಾಲ್ಕು ಜನ ಬೇಕಾಗಿದ್ದರು, ತಪ್ಪೊಪ್ಪಿಗೆಗೆ ಯಾರೂ ಬೇಡವಾಗಿತ್ತು. ಅವರಿಗೆ ನನ್ನ ಗುರುತು ಹತ್ತಿತು. ಹತ್ತಿತೆಂಬುದನ್ನು ಅವರು ಹೇಳಲಿಲ್ಲ. ಡಿಸ್ಕನ್ನು ಕೈಯಲ್ಲಿ ತೂಗಿ ನೋಡಿ, "ಎಷ್ಟು ತೋರ್ಸುತ್ತೆ?" ಎಂದರು.

"ಒಂದು ಪಾಯಿಂಟ್ ಒಂಬತ್ತೈದು."

"ಅಲ್ಲೇ ಸಿಕ್ಕಿಬಿದ್ದ ನೋಡು. ನಿಜವಾದ ಎರಡು ಟೀಬಿ ಆಗಿದ್ರೆ ಒಂದು ಪಾಯಿಂಟ್ ಎಂಟೊಂದು ತೋರ್ಸಬೇಕಿತ್ತು" ಎಂದರು.

ಅಂದು ರಾತ್ರಿ ಅದನ್ನು ಪರೀಕ್ಷೆಗೆ ಹಾಕಿದರು. ಪರೀಕ್ಷೆಯ ಕ್ರಮ ಬಹಳ ಸರಳವಾದದ್ದು. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯ ಬಳಗದಿಂದ ಬಂದ 'ಎಚ್೨ಟೆಸ್ಟ್‌ಡಬ್ಲ್ಯು' ಎಂಬ ಪುಟ್ಟ ಕ್ರಮವಿಧಿಯೊಂದು ಇದೆ. ಲಿನಕ್ಸ್ ಬಳಸುವವರಿಗೆ 'ಎಫ್೩' ಎಂಬುದಿದೆ. ಇವು ಡಿಸ್ಕು 'ನನ್ನಲ್ಲಿ ಇಷ್ಟು ಜಾಗವಿದೆ' ಎಂದು ಹೇಳುವ ಮಾತನ್ನು ನಂಬುವುದಿಲ್ಲ. ತಮಗೆ ಗೊತ್ತಿರುವ ಅಂಕಿಗಳನ್ನು ಅದರೊಳಗೆ ತುಂಬುತ್ತಾ ಹೋಗುತ್ತವೆ. ಆಮೇಲೆ ಒಂದೊಂದನ್ನೇ ಹಿಂದಕ್ಕೆ ಓದಿ, ಕೊಟ್ಟದ್ದೇ ಬಂತೇ ಎಂದು ತಾಳೆ ನೋಡುತ್ತವೆ. ಪೂರ್ತಿ ತುಂಬಲು ಎರಡು ದಿನಕ್ಕಿಂತ ಹೆಚ್ಚು ಬೇಕಾಗುವುದರಿಂದ, ಅವರು ಇನ್ನೂರು ಜಿ.ಬಿ.ಯಷ್ಟು ಮಾತ್ರ ತುಂಬಿಸಿದರು. ಬೆಳಗ್ಗೆ ಫಲಿತಾಂಶ ಬಂದಿತ್ತು: ಸುಮಾರು ೫೮ ಜಿ.ಬಿ. ಸರಿ, ಉಳಿದದ್ದೆಲ್ಲ ನಷ್ಟ. ಕವಚವನ್ನು ಬಿಚ್ಚಿ ತೋರಿಸಿದರು. ಒಳಗೆ ಡಿಸ್ಕೆಂಬುದೇ ಇರಲಿಲ್ಲ. ಮೊಬೈಲಿಗೆ ಹಾಕುವಂಥ, ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಕಾರ್ಡನ್ನು ಗೋಂದಿನಿಂದ ಅಂಟಿಸಿದ್ದರು. ಅದು ೬೪ ಜಿ.ಬಿ.ಯದು.

ಮೋಸ ನಡೆದ ಬಗೆಯನ್ನು ಅವರು ಹೇಳಿದರು. ಯಾವ ಡಿಸ್ಕನ್ನು ಸಿಕ್ಕಿಸಿದರೂ ಕಂಪ್ಯೂಟರು ಮೊದಲು ಅದನ್ನು 'ನಿನ್ನಲ್ಲಿ ಎಷ್ಟು ಮನೆಗಳಿವೆ?' ಎಂದು ಕೇಳುತ್ತದೆ. ಡಿಸ್ಕಿನೊಳಗಿನ ನಿಯಂತ್ರಕ ಹೇಳಿದ ಸಂಖ್ಯೆಯನ್ನೇ ನಂಬುತ್ತದೆ. ನನ್ನ ಡಿಸ್ಕಿನ ನಿಯಂತ್ರಕಕ್ಕೆ ಸುಳ್ಳು ಹೇಳುವುದನ್ನು ಕಲಿಸಿದ್ದರು. ನಿಜವಾದ ಮನೆಗಳು ತುಂಬಿದ ಮೇಲೂ ಅದು 'ತೆಗೆದುಕೊಂಡೆ, ತೆಗೆದುಕೊಂಡೆ' ಎನ್ನುತ್ತಲೇ, ಬಂದದ್ದನ್ನು ಗಾಳಿಗೆ ತೂರುತ್ತಿತ್ತು. ಇದೇ ಜಾತಿಯ ಇನ್ನು ಕೆಲವು, ಹೊಸದನ್ನು ಹಳೆಯದರ ಮೇಲೆಯೇ ಬರೆದು ಎರಡನ್ನೂ ಕೆಡಿಸುತ್ತವೆಯಂತೆ. ಹೆಸರುಗಳ ಪಟ್ಟಿ ಮಾತ್ರ ಮೊದಲ ಭಾಗದಲ್ಲಿ ಇರುವುದರಿಂದ ಅದು ಉಳಿಯುತ್ತದೆ. ಈ ವಿವರಣೆಯನ್ನು ಕೇಳುತ್ತಿದ್ದಾಗ ಇದನ್ನು ಎಲ್ಲೋ ಕಂಡಿದ್ದೇನೆ ಎನಿಸಿತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ನನ್ನ ತಲೆಯೇ ಅದು! ಅಧ್ಯಾಯಗಳ ಹೆಸರು ಸಾಲಾಗಿ ನೆನಪಿರುತ್ತದೆ. ಒತ್ತಿದರೆ ಕಪ್ಪು ತೆರೆ. ಸಹಪಾಠಿಗಳು ಕ್ಷಮಿಸಬೇಕು, ಅವರ ತಲೆಯ ಮಾತನ್ನು ನಾನು ಆಡುತ್ತಿಲ್ಲ.

"ಹೋದದ್ದನ್ನು ತೆಗೆಯೋಕಾಗುತ್ತಾ, ಅಣ್ಣ?" ಎಂದು ಕೇಳಿದೆ.

"ಬರೆದದ್ದು ಅಳಿಸಿಹೋಗಿದ್ರೆ ಹುಡುಕಬಹುದು, ತಮ್ಮಾ. ಇದರಲ್ಲಿ ಬರೆದೇ ಇಲ್ವಲ್ಲಾ" ಎಂದರು. ನನ್ನ ಮೊಬೈಲಿನಲ್ಲಿಯೂ ಪ್ರಯತ್ನಿಸಿದರು. ಮೂರು ತಿಂಗಳಲ್ಲಿ ನಾನು ಅದರ ಮೇಲೆ ಬೇರೆ ಏನೇನೋ ತುಂಬಿದ್ದೆ. ಏನೂ ಸಿಗಲಿಲ್ಲ. ಈ ಕೆಲಸಕ್ಕೆ ಅವರು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಆಗ ನಾನು ಬಾಯಿಬಿಟ್ಟು, "ಅವತ್ತು ಆ ಚೀಟಿಯಲ್ಲಿ ಏನು ಬರೆಯೋಕೆ ಹೊರಟಿದ್ರಿ?" ಎಂದು ಕೇಳಿದೆ. ಅವರು ನಕ್ಕು ಇನ್ನೊಂದು ಚೀಟಿ ತೆಗೆದುಕೊಂಡರು. ಅವರು ಬರೆದು ತೋರಿಸಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ನನ್ನಂಥ ಕಲಾವಿಭಾಗದವರಿಗಾಗಿ ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ.

ಡಿಸ್ಕನ್ನು ಮಾಡುವವರು ದಶಮಾನ ಪದ್ಧತಿಯಿಂದ ಎಣಿಸುತ್ತಾರೆ. ಅವರಿಗೆ ಒಂದು ಜಿ.ಬಿ. ಎಂದರೆ ನೂರು ಕೋಟಿ ಬೈಟು; ಒಂದು ಟಿ.ಬಿ. ಎಂದರೆ ಲಕ್ಷ ಕೋಟಿ ಬೈಟು. ಆದರೆ ಕಂಪ್ಯೂಟರಿನ ಒಳಗಿನ ಲೆಕ್ಕ ಎರಡರ ಮೇಲೆ ನಿಂತದ್ದು. ಅದರ ಸ್ಮೃತಿಯಲ್ಲಿ ಒಂದು ತಂತಿಗೆ ಎರಡು ಸ್ಥಿತಿ, ಎರಡು ತಂತಿಗೆ ನಾಲ್ಕು. ಹೀಗೆ ಹತ್ತು ತಂತಿಗಳಾದರೆ ೧೦೨೪ ಮನೆಗಳನ್ನು ಗುರುತಿಸಬಹುದು. ಇದು ಸಾವಿರಕ್ಕೆ ಸಮೀಪವಾಗಿರುವುದರಿಂದ ಹಿಂದಿನವರು ಇದನ್ನೂ 'ಕಿಲೊ' ಎಂದೇ ಕರೆದರು. ವಿಂಡೋಸ್ ಈಗಲೂ ಬೈಟುಗಳನ್ನು ಮೂರು ಸಲ ೧೦೨೪ರಿಂದ ಭಾಗಿಸಿ, ಬಂದದ್ದಕ್ಕೆ ಜಿ.ಬಿ. ಎಂದು ಹೆಸರಿಡುತ್ತದೆ. ಅದರ ಜಿ.ಬಿ. ಎಂದರೆ ೧,೦೭,೩೭,೪೧,೮೨೪ ಬೈಟು. ಲಕ್ಷ ಕೋಟಿಯನ್ನು ಇದರಿಂದ ಭಾಗಿಸಿದರೆ ಬರುವುದು ೯೩೧. ಒಂದು ಬೈಟೂ ಎಲ್ಲಿಗೂ ಹೋಗಿಲ್ಲ. ಕೊಳಗ ದೊಡ್ಡದಾಗಿದೆ, ಅಷ್ಟೇ. ಡಿಸ್ಕಿನ ಗುಣಲಕ್ಷಣಗಳ ಪುಟವನ್ನು ತೆರೆದು ನೋಡಿದರೆ ಜಿ.ಬಿ.ಯ ಪಕ್ಕದಲ್ಲಿಯೇ ಬೈಟುಗಳ ಪೂರ್ತಿ ಸಂಖ್ಯೆಯನ್ನೂ ಕೊಟ್ಟಿರುತ್ತದೆ. ನಾನು ಅಂದು ಅದನ್ನೊಂದು ಓದಿದ್ದರೆ ಸಾಕಾಗಿತ್ತು. ಕಿಲೊ ಮಟ್ಟದಲ್ಲಿ ಈ ಎರಡು ಲೆಕ್ಕಗಳ ಅಂತರ ನೂರಕ್ಕೆ ಎರಡೂವರೆಯಷ್ಟು, ಟಿ.ಬಿ.ಯ ಮಟ್ಟಕ್ಕೆ ಬರುವಾಗ ಅದು ನೂರಕ್ಕೆ ಹತ್ತರ ಸಮೀಪಕ್ಕೆ ಬೆಳೆಯುತ್ತದೆ. ಡಿಸ್ಕುಗಳು ಸಣ್ಣವಾಗಿದ್ದ ಕಾಲದಲ್ಲಿ ಯಾರೂ ಜಗಳವಾಡದೆ, ದೊಡ್ಡವಾದಂತೆ ಜಗಳ ದೊಡ್ಡದಾದದ್ದು ಇದಕ್ಕೇ.

ಈ ಬಗೆಯ ಎರಡು ಲೆಕ್ಕ ನಮಗೆ ಹೊಸದಲ್ಲ. ನಮ್ಮಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರುಗಳಿದ್ದವು. ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಪೈಸೆ ಎಂಬ ಹಳೆಯ ಲೆಕ್ಕವೂ ಕಂಪ್ಯೂಟರಿನ ಲೆಕ್ಕದಂತೆ ಎರಡೆರಡರಿಂದ ಬೆಳೆದದ್ದೇ. ೧೯೫೭ರ ಏಪ್ರಿಲ್ ೧ರಂದು ಅದು ಹೋಗಿ ನೂರು ನಯಾಪೈಸೆ ಬಂತು. ಒಂದಾಣೆಗೆ ಆರೂಕಾಲು ನಯಾಪೈಸೆ ಆಗಬೇಕು. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಆರೇ ಸಿಕ್ಕಿತು. 'ಕಾಲು ಪೈಸೆ ಯಾರು ತಿಂದರು?' ಎಂದು ನಮ್ಮ ತಾತ ಕೇಳಿಯೇ ಇರಬೇಕು. ತೂಕ ಮತ್ತು ಅಳತೆಗಳ ಗೊಂದಲವನ್ನು ತೆಗೆಯಲು ನಮ್ಮ ಸಂಸತ್ತು ಮೆಟ್ರಿಕ್ ಪದ್ಧತಿಯ ಶಾಸನವನ್ನು ಮಾಡಿದ್ದು ೧೯೫೬ರಲ್ಲಿ. ಅದೇ ೧೯೫೬ರಲ್ಲಿಯೇ ಅಮೆರಿಕದ ಐ.ಬಿ.ಎಂ. ಸಂಸ್ಥೆ ಮೊತ್ತಮೊದಲನೆಯ ಡಿಸ್ಕು ಯಂತ್ರವನ್ನು ಹೊರಗೆ ತಂದಿತು. ಎರಡಡಿ ಅಗಲದ ಐವತ್ತು ತಟ್ಟೆಗಳು, ಸುಮಾರು ಒಂದು ಟನ್ನು ತೂಕ. ಅದರಲ್ಲಿ ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ನಾವು ಅಳತೆಯನ್ನು ಒಂದು ಮಾಡಲು ಹೊರಟ ವರ್ಷವೇ, ಮುಂದೆ ಎರಡು ಅಳತೆಯ ಜಗಳಕ್ಕೆ ಕಾರಣವಾಗುವ ಈ ವಸ್ತುವೂ ಹುಟ್ಟಿತು!

ಈ ಗೊಂದಲದಲ್ಲಿ ಮೋಸಹೋದೆನೆಂದುಕೊಂಡವನು ನಾನೊಬ್ಬನೇ ಅಲ್ಲ. ಅಮೆರಿಕದಲ್ಲಿ ಗಿರಾಕಿಗಳು ಡಿಸ್ಕು ತಯಾರಿಸುವ ದೊಡ್ಡ ಕಂಪನಿಗಳ ಮೇಲೆ ಇದೇ ಕಾರಣಕ್ಕೆ ದಾವೆ ಹೂಡಿ, ೨೦೦೬ರಲ್ಲಿ ಒಂದು, ೨೦೦೭ರಲ್ಲಿ ಇನ್ನೊಂದು ರಾಜಿಯಲ್ಲಿ ಮುಗಿದವು. ಹಳೆಯ ಫ್ಲಾಪಿ ತಟ್ಟೆಯ ಕಥೆ ಇನ್ನೂ ಸೊಗಸಾಗಿದೆ. ಅದರ ಮೇಲೆ '೧.೪೪ ಎಂ.ಬಿ.' ಎಂದು ಬರೆದಿರುತ್ತಿತ್ತು. ಅದರಲ್ಲಿದ್ದದ್ದು ೧೪,೭೪,೫೬೦ ಬೈಟು. ಸಾವಿರದ ಲೆಕ್ಕದಲ್ಲಿಯೂ ಇದು ೧.೪೪ ಆಗುವುದಿಲ್ಲ, ೧೦೨೪ರ ಲೆಕ್ಕದಲ್ಲಿಯೂ ಆಗುವುದಿಲ್ಲ. ಒಮ್ಮೆ ೧೦೨೪ರಿಂದ, ಇನ್ನೊಮ್ಮೆ ೧೦೦೦ದಿಂದ ಭಾಗಿಸಿದರೆ ಮಾತ್ರ ಆಗುತ್ತದೆ. ಒಂದು ಕಚ್ಚಾ ಸೇರು, ಒಂದು ಪಕ್ಕಾ ಸೇರು ಬೆರೆಸಿ ಅಳೆದಂತೆ! ಈ ಕಲಸುಮೇಲೋಗರವನ್ನು ಬಿಡಿಸಲೆಂದು ೧೯೯೮ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು, ೧೦೨೪ರ ಲೆಕ್ಕಕ್ಕೆ ಕಿಬಿಬೈಟು, ಮೆಬಿಬೈಟು, ಗಿಬಿಬೈಟು ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಆಪಲ್ ಕಂಪನಿಯ ಕಂಪ್ಯೂಟರುಗಳು ೨೦೦೯ರಿಂದ ಸಾವಿರದ ಲೆಕ್ಕದಲ್ಲಿಯೇ ತೋರಿಸುತ್ತಿವೆ. ನನ್ನ ಗೆಳೆಯನ ಲ್ಯಾಪ್‌ಟಾಪು ಅಂಥದಾಗಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ.

ಡಿಸ್ಕಿನ ಅಳತೆ ತಪ್ಪಾಗಿ ಕಾಣುವುದಕ್ಕೆ ಬೇರೆ ನಿರಪರಾಧಿ ಕಾರಣಗಳೂ ಇವೆ ಎಂದು ಅಂಗಡಿಯವರು ತಿಳಿಸಿದರು. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ ವಿಭಾಗ ಮಾಡಿದ ಡಿಸ್ಕಿನಲ್ಲಿ, ಸಾಮಾನ್ಯವಾಗಿ ಸುಮಾರು ೨.೨ ಟಿ.ಬಿ.ಯಿಂದ ಆಚೆಯ ಮನೆಗಳಿಗೆ ಸಂಖ್ಯೆ ಕೊಡಲಾಗುವುದಿಲ್ಲ. ಮೂರು ನಾಲ್ಕು ಟಿ.ಬಿ.ಯ ಡಿಸ್ಕಾದರೂ ಅಷ್ಟೇ ಬಳಕೆಗೆ ಸಿಗುತ್ತದೆ, ಜಿ.ಪಿ.ಟಿ. ಪದ್ಧತಿಗೆ ಬದಲಾಯಿಸಿದರೆ ಉಳಿದದ್ದು ಬರುತ್ತದೆ. ಪೆನ್ ಡ್ರೈವಿನಲ್ಲಿ ಲಿನಕ್ಸ್ ಸ್ಥಾಪನೆಯ ಪ್ರತಿಯನ್ನು ಬರೆದ ಮೇಲೆ, ಮೂವತ್ತೆರಡು ಜಿ.ಬಿ.ಯದು ಎರಡು ಮೂರು ಎಂದು ತೋರಿಸುವುದೂ ಉಂಟು. ಉಳಿದ ಜಾಗ ವಿಭಾಗಕ್ಕೆ ಸೇರದೆ ಹೊರಗುಳಿದಿರುತ್ತದೆ. ಹಳೆಯ ವಿಭಾಗಗಳನ್ನು ಅಳಿಸಿ ಹೊಸದಾಗಿ ಒಂದನ್ನು ಮಾಡಿದರೆ ಪೂರ್ತಿ ಸಿಗುತ್ತದೆ. ಒಳಗಿದ್ದದ್ದು ಮಾತ್ರ ಹೋಗುತ್ತದೆ. "ಕಮ್ಮಿ ತೋರ್ಸೋ ಡಿಸ್ಕಿಗೆ ಹೆದರಬೇಡ, ಅದಕ್ಕೆ ಕಾರಣ ಇರುತ್ತೆ. ಬೆಲೆ ಕಮ್ಮಿ, ತೋರ್ಸೋದು ಜಾಸ್ತಿ ಅಂದ್ರೆ ಹೆದರು" ಎಂದರು. ಆಗ, ಅಂದು ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಇರ್ಲಿ ಬಿಡಪ್ಪಾ. ಕೇಳೋದು ತಪ್ಪಲ್ಲ. ಉತ್ತರ ಹೇಳೋಷ್ಟು ಹೊತ್ತು ನಿಲ್ಲಬೇಕು" ಎಂದರು.

ಇನ್ನು ಉಳಿದದ್ದು ಅಜ್ಜಿಗೆ ಹೇಳುವುದು. ಶನಿವಾರ ಊರಿಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದರೂ, ಕೊನೆಗೆ ಬಂದದ್ದು, "ಅಜ್ಜೀ, ಪದ ಎಲ್ಲಾ ಹೋದವು" ಎಂಬ ಮಾತು ಮಾತ್ರ. ಡಿಸ್ಕಿನ ವಿಷಯವನ್ನು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗೇವಿನ ಅಳತೆ ರಾಗಿ ಸುರಿಯೋವಾಗ ತಿಳಿಯಾಕಿಲ್ಲ ಮಗಾ, ತೆಗೆಯೋವಾಗ ತಿಳಿಯಾದು. ನೀನು ಒಂದ್ಸಲ ತೆಗೆದು ನೋಡ್ಬೇಕಿತ್ತು" ಎಂದಳು. ಜರ್ಮನಿಯವರು ಕ್ರಮವಿಧಿ ಬರೆದು ಹೇಳಿದ್ದನ್ನೇ ಅಜ್ಜಿ ಹಗೇವಿನ ಬಾಯಲ್ಲಿ ನಿಂತು ಕಲಿತಿದ್ದಳು. ಆಮೇಲೆ, "ಪದ ಎಲ್ಲೂ ಹೋಗಿಲ್ಲ, ಕಲ್ಲು ತಕ್ಕೊಂಬಾ" ಎಂದಳು.

ಕಲ್ಲನ್ನು ತಂದಿಟ್ಟೆ. ಅಜ್ಜಿ ರಾಗಿ ಹಾಕಿ ಗೂಟ ಹಿಡಿದಳು. ಎದುರಿಗೆ ಕುಳಿತುಕೊಳ್ಳುವವರು ಇರಲಿಲ್ಲ. ಸಣ್ಣಜ್ಜಿ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಆಗ ನನಗೆ ಪರೀಕ್ಷೆ, ಊರಿಗೆ ಹೋಗಿರಲಿಲ್ಲ. 'ಹೇಗೂ ಸಣ್ಣಜ್ಜಿಯ ಪದಗಳು ಡಿಸ್ಕಿನಲ್ಲಿ ಇವೆಯಲ್ಲ' ಎಂದು ಅಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ನಾನೇ ಎದುರು ಕುಳಿತು ಗೂಟಕ್ಕೆ ಕೈ ಕೊಟ್ಟೆ. ಅಜ್ಜಿ ಪದ ಎತ್ತಿಕೊಂಡಳು. ಪ್ರತಿ ಸಾಲು ಮುಗಿದಾಗಲೂ, ಸೊಲ್ಲು ಬರಬೇಕಾದ ಕಡೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಬಾರದಿರಲು ತಾನೇ ಮುಂದಕ್ಕೆ ಹೋಗುತ್ತಿದ್ದಳು. ಎರಡು ದಿನದಲ್ಲಿ ಇಪ್ಪತ್ತಾರು ಪದಗಳು ಬಂದವು. ಉಳಿದ ಹದಿನೈದು ಅವಳಿಗೆ ನೆನಪಾಗಲಿಲ್ಲ. "ಅವು ಅವಳು ಎತ್ತಿಕೊಡ್ತಿದ್ದ ಪದ. ಅವಳು ಎತ್ತಿದ್ರೆ ನನಗೂ ಬತ್ತಿತ್ತು" ಎಂದಳು. ಅಂಥ ಪದಗಳ ಮೊದಲ ಸಾಲನ್ನು ನಾನಾದರೂ ಬರೆದಿಟ್ಟುಕೊಂಡಿದ್ದರೆ ಆಗುತ್ತಿತ್ತು. ಬರೆದಿರಲಿಲ್ಲ. ನನ್ನ ಬಳಿ ಇದ್ದದ್ದು ಸಂಖ್ಯೆ ಮತ್ತು ದಿನಾಂಕ.

ಸೋಮವಾರ ಆ ಅಂಗಡಿಗೆ ಹೋಗಿ, ನಾನೇ ಹಿಂದಿರುಗಿಸಿದ್ದಂಥ ೧ ಟಿ.ಬಿ. ಡಿಸ್ಕನ್ನೇ ಕೊಂಡೆ. ದೋಸೆಗೆ ಹೋದದ್ದನ್ನು ಮತ್ತೆ ಐವರೂ ಭರಿಸಿದರು. ಗೆಳೆಯರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ತುಂಬಿಸಿದ ಮೇಲೆ ಒಂದೊಂದನ್ನೂ ಕೊನೆಯವರೆಗೆ ಹಾಕಿ ಕೇಳಿದೆವು. ಇನ್ನೊಂದು ಪ್ರತಿಯನ್ನು ಕನ್ನಡ ವಿಭಾಗದ ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ. ಡಿಸ್ಕು ವಿಭಾಗದ ಬೀರುವಿನಲ್ಲಿದೆ. ಮುಂದಿನ ವರ್ಷದವರು ತಮ್ಮ ಸಂಗ್ರಹವನ್ನೂ ಅದಕ್ಕೆ ಸೇರಿಸಬಹುದು. ಸಿಕ್ಕಿಸಿದಾಗ ಅದು ೯೩೧ ಎಂದು ತೋರಿಸುತ್ತದೆ. ಅದನ್ನು ಕಂಡು ಯಾರೂ ಅಂಗಡಿಯವರ ಮೇಲೆ ಹೋಗಬಾರದೆಂದು ಪ್ರಾರ್ಥನೆ. ಅಜ್ಜಿಯ ಪದಗಳನ್ನು ಕೇಳುವವರಿಗೆ ಇನ್ನೊಂದು ಮಾತು: ಸಾಲು ಸಾಲಿಗೆ ನಡುವೆ ಒಂದು ಗಳಿಗೆ ಏನೂ ಕೇಳಿಸುವುದಿಲ್ಲ, ಕಲ್ಲಿನ ಸದ್ದು ಮಾತ್ರ ಇರುತ್ತದೆ. ಡಿಸ್ಕು ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಸಣ್ಣಜ್ಜಿಯ ಜಾಗ.